ಕ್ರುಸೇಡ್ ಕಾಲದ ಪತ್ರಗಳು: ಯಾವ ಪ್ರಶ್ನೆಗೆ ಯಾವುದನ್ನು ಹಿಡಿಯಬೇಕು

ಜೆರುಸಲೇಂಗಾಗಿ ಯೂರೋಪಿನ ಕ್ರೈಸ್ತರು ಮುಸ್ಲಿಮರ ಮೇಲೆ ನಡೆಸಿದ ಧರ್ಮಯುದ್ಧಗಳಾದ ಕ್ರುಸೇಡ್‌ಗಳ ಬಗ್ಗೆ ಪ್ರಬಂಧ ಬರೆಯುವವರು, ಪಾಠ ಮಾಡುವವರು, ಕಾದಂಬರಿಗೆ ಸಾಮಗ್ರಿ ಹುಡುಕುವವರು ಸಾಮಾನ್ಯವಾಗಿ ವೃತ್ತಾಂತಗಳಿಂದಲೇ ಶುರುಮಾಡುತ್ತಾರೆ. ವೃತ್ತಾಂತ ಬರೆಯುವವನಿಗೆ ಯಾರು ಗೆದ್ದರು, ಯಾರು ಸತ್ತರು ಎಂದು ಮೊದಲೇ ಗೊತ್ತು. ಪತ್ರ ಬರೆಸುವವನಿಗೆ ಗೊತ್ತಿಲ್ಲ. 1097ರ ಜೂನ್‌ನಲ್ಲಿ ಬ್ಲುವಾದ ಕೌಂಟ್ ಸ್ಟೀಫನ್ ನೈಸಿಯಾದಿಂದ ತನ್ನ ಹೆಂಡತಿ ಅಡೆಲಾಗೆ ಬರೆಸಿದ: ಆಂಟಿಯೋಕ್ ನಗರ ಅಡ್ಡಗಟ್ಟದಿದ್ದರೆ ಇನ್ನು ಐದು ವಾರಕ್ಕೆ ಜೆರುಸಲೇಂ. ಜೆರುಸಲೇಂ ಕೈಸೇರಿದ್ದು 1099ರ ಜುಲೈ 15ಕ್ಕೆ. ಎಲ್ಲ ತಿಳಿದ ಮೇಲೆ ಕೂತು ಬರೆಯುವವನ ಲೇಖನಿಯಿಂದ ಇಂಥ ಲೆಕ್ಕ ಹೊರಡುವುದಿಲ್ಲ.

ಹಾಗಂತ ಕೈಗೆ ಸಿಕ್ಕ ಪತ್ರವನ್ನೆಲ್ಲ ಇಬ್ಬರ ನಡುವಿನ ಖಾಸಗಿ ಮಾತು ಎಂದುಕೊಂಡರೆ ಕೆಟ್ಟಿರಿ. ಆ ಕಾಲದ ಪತ್ರ ಹೆಚ್ಚಾಗಿ ಹತ್ತು ಜನರ ಮುಂದೆ ಗಟ್ಟಿಯಾಗಿ ಓದುವುದಕ್ಕೇ ಬರೆದದ್ದು. ನಿಜವಾದ ಗುಟ್ಟು ಪತ್ರ ಒಯ್ಯುವವನ ಬಾಯಲ್ಲಿ ಹೋಗುತ್ತಿತ್ತು. ಹಾಳೆಯಲ್ಲಿ ಇರುತ್ತಿದ್ದುದು, ಉಳಿದದ್ದನ್ನು ಇವನು ಹೇಳುತ್ತಾನೆ, ನಂಬಿ ಎನ್ನುವ ಒಂದು ಸಾಲು. ಆದ್ದರಿಂದ ಪತ್ರ ಆರಿಸುವಾಗ ಬರೆದವನು ಯಾರು ಎನ್ನುವುದಕ್ಕಿಂತ ಕೇಳಿಸಿಕೊಂಡವರು ಯಾರು ಎಂದು ಮೊದಲು ನೋಡಿ. ಆಮೇಲೆ ಆ ಪತ್ರದ ಪಾಠ, ಅಂದರೆ ಒಕ್ಕಣೆ, ನಮ್ಮ ಕೈಗೆ ಬಂದ ದಾರಿ ನೋಡಿ.

ಅಸಲೋ, ಕಡತವೋ, ನಕಲೋ

ಅಸಲು ಹಾಳೆಯೇ ಉಳಿದಿರುವುದು ಅಪರೂಪ. ಪೋಪರ ಕಚೇರಿಯಿಂದ ಹೊರಟ ಅಸಲಿಗೆ ಸೀಸದ ಮುದ್ರೆ ತೂಗಿಬಿಟ್ಟಿರುತ್ತದೆ: ಒಂದು ಬದಿಗೆ ಪೇತ್ರ ಮತ್ತು ಪೌಲರ ತಲೆಗಳು, ಇನ್ನೊಂದು ಬದಿಗೆ ಪೋಪರ ಹೆಸರು. ಮುದ್ರೆಯ ದಾರವೂ ಸಾಕ್ಷಿಯೇ. 13ನೇ ಶತಮಾನದಲ್ಲಿ ಹಕ್ಕು ಕೊಡುವ ಪತ್ರಕ್ಕೆ ಕೆಂಪು-ಹಳದಿ ರೇಷ್ಮೆ ಎಳೆ, ಆಜ್ಞೆಯ ಪತ್ರಕ್ಕೆ ಸೆಣಬಿನ ಹುರಿ. ಅಚ್ಚಾದ ಪಾಠದಲ್ಲಿ ಇದೊಂದೂ ಕಾಣುವುದಿಲ್ಲ, ಸಂಪಾದಕರ ಟಿಪ್ಪಣಿಯಲ್ಲಿ ಇರುತ್ತದೆ. ಟಿಪ್ಪಣಿ ಓದದೆ ಮುಂದೆ ಹೋಗಬೇಡಿ.

ಎರಡನೆಯದು ಕಚೇರಿಯ ಕಡತ. ಮೂರನೇ ಇನ್ನೊಸೆಂಟ್ 1198ರಲ್ಲಿ ಪೋಪ್ ಆದಲ್ಲಿಂದ ವ್ಯಾಟಿಕನ್‌ನಲ್ಲಿ ಕಡತಗಳ ಸಾಲು ಸಿಗುತ್ತದೆ. ಹೊರಟ ಪತ್ರಗಳೆಲ್ಲ ಅದರೊಳಗೆ ಏರುತ್ತಿರಲಿಲ್ಲ. ಕಡತದಲ್ಲಿಲ್ಲ ಎಂದ ಮಾತ್ರಕ್ಕೆ ಪತ್ರ ಹೋಗಲೇ ಇಲ್ಲ ಎಂದು ಬರೆಯುವುದು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು.

ಮೂರನೆಯದು ವೃತ್ತಾಂತದೊಳಗೆ ಸೇರಿಕೊಂಡ ನಕಲು. ಸೇನಾನಿಗಳ ಪತ್ರಗಳಲ್ಲಿ ಬಹುಪಾಲು ಹೀಗೇ ಬದುಕಿ ಬಂದಿವೆ, ಅದರಲ್ಲೂ ಇಂಗ್ಲೆಂಡಿನ ಮಠಗಳ ವೃತ್ತಾಂತಕಾರರ ದಯೆಯಿಂದ. ನಕಲು ಮಾಡುವ ಸನ್ಯಾಸಿ ವಿಳಾಸದ ಸಾಲು ಕತ್ತರಿಸಿರಬಹುದು, ಹೆಸರುಗಳನ್ನು ಒಂದಕ್ಷರಕ್ಕೆ ಇಳಿಸಿರಬಹುದು, ತನಗೆ ಬೇಡವಾದ ಭಾಗ ಬಿಟ್ಟಿರಬಹುದು. ದಿನಾಂಕ ಮೊದಲು ಉದುರಿಹೋಗುವ ಭಾಗ. ಹಣ ಮತ್ತು ಕಾನೂನಿನ ವಿಷಯಕ್ಕೆ ಅಸಲು ಅಥವಾ ಕಡತ ಬೇಕು. ಘಟನೆಯ ಸುದ್ದಿಗೆ ವೃತ್ತಾಂತದ ನಕಲಾದರೂ ನಡೆಯುತ್ತದೆ.

ಪೋಪರ ಪತ್ರಗಳು: ಯಾವ ವರ್ಷದ್ದು?

ಎರಡನೇ ಅರ್ಬನ್ 1095ರ ನವೆಂಬರ್ 27ರಂದು ಕ್ಲೆರ್ಮಾಂಟ್‌ನಲ್ಲಿ ಮಾಡಿದ ಭಾಷಣವನ್ನು ಎಲ್ಲರೂ ಉದ್ಧರಿಸುತ್ತಾರೆ. ಆ ಭಾಷಣದ ಮೂಲಪಾಠ ಇಲ್ಲ. ಇರುವ ರೂಪಗಳೆಲ್ಲ ಆಮೇಲಿನವು, ಬಹುತೇಕ ಜೆರುಸಲೇಂ ಬಿದ್ದ ಮೇಲಿನವು. ಅರ್ಬನ್‌ಗೆ ನಿಜವಾಗಿ ಏನು ಬೇಕಿತ್ತು ಎನ್ನುವುದಕ್ಕೆ ಅವನ ಪುಟ್ಟ ಪತ್ರಗಳೇ ಗಟ್ಟಿ ಆಧಾರ. 1095ರ ಡಿಸೆಂಬರ್‌ನಲ್ಲಿ ಫ್ಲಾಂಡರ್ಸ್‌ಗೆ ಬರೆದದ್ದರಲ್ಲಿ ಮುಂದಾಳು ಲ ಪ್ವಿಯ ಬಿಷಪ್ ಅಡೆಮಾರ್, ಹೊರಡುವ ದಿನ ಆಗಸ್ಟ್ 15 ಎಂದಿದೆ. 1096ರ ಸೆಪ್ಟೆಂಬರ್ 19ರಂದು ಬೊಲೊನ್ಯಾದವರಿಗೆ ಬರೆದದ್ದು ಇನ್ನೂ ಉಪಯೋಗಿ: ಪಾದ್ರಿಗಳು ಮತ್ತು ಸನ್ಯಾಸಿಗಳು ಮೇಲಿನವರ ಅಪ್ಪಣೆಯಿಲ್ಲದೆ ಹೊರಡಬಾರದು, ಹೊಸದಾಗಿ ಮದುವೆಯಾದವರು ಹೆಂಡತಿಯ ಒಪ್ಪಿಗೆಯಿಲ್ಲದೆ ಹೊರಡಬಾರದು. ಭಾಷಣದ ಅಬ್ಬರ ಇದರಲ್ಲಿಲ್ಲ. ಅತಿಯಾಗಿ ಜನ ಹೊರಟುಬಿಟ್ಟರಲ್ಲ ಎನ್ನುವ ಆತಂಕ ಇದೆ.

ಮುಂದಿನ ಪೋಪರ ದೊಡ್ಡ ನಿರೂಪಗಳಲ್ಲಿ (ಆಜ್ಞಾಪತ್ರಗಳಲ್ಲಿ) ಮೂರನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

1145ರ ಡಿಸೆಂಬರ್ 1ರದು ಮೂರನೇ ಯುಜೀನಿಯಸ್‌ನದು. ಹಿಂದಿನ ವರ್ಷ ಡಿಸೆಂಬರ್ 24ಕ್ಕೆ ಕ್ರುಸೇಡರ ಕೈಯಲ್ಲಿದ್ದ ಎಡೆಸ್ಸಾ ನಗರ ಮುಸ್ಲಿಮರ ವಶವಾಗಿತ್ತು. ಹೋದವನ ಹೆಂಡತಿ, ಮಕ್ಕಳು, ಆಸ್ತಿ ಚರ್ಚಿನ ರಕ್ಷಣೆಯಲ್ಲಿ. ಹಳೆಯ ಸಾಲಕ್ಕೆ ಬಡ್ಡಿ ಇಲ್ಲ. ನಂಟರೂ ಒಡೆಯರೂ ದುಡ್ಡು ಕೊಡಲಾಗದಿದ್ದರೆ ಜಮೀನನ್ನು ಚರ್ಚಿಗಾಗಲಿ ಬೇರೆಯವರಿಗಾಗಲಿ ಅಡ ಇಡಬಹುದು. ಕ್ರುಸೇಡಿಗೆ ಹೋಗುವವನ ಸವಲತ್ತುಗಳೇನು ಎನ್ನುವ ಪ್ರಶ್ನೆಗೆ ಇದೇ ಮೂಲ, ನಂತರದವು ಇದನ್ನೇ ಹಿಡಿದು ಬೆಳೆದವು.

1187ರ ಅಕ್ಟೋಬರ್ 29ರಂದು ಎಂಟನೇ ಗ್ರೆಗೊರಿ ಫೆರಾರಾದಿಂದ ಕಳಿಸಿದ್ದು ಶೋಕದ ಪತ್ರ. ಅವನು ಪೋಪ್ ಆಗಿದ್ದದ್ದೇ 57 ದಿನ. ಇದನ್ನು ಜೆರುಸಲೇಂ ಪತನಕ್ಕೆ ಪ್ರತಿಕ್ರಿಯೆ ಎಂದು ಎಷ್ಟೋ ಕಡೆ ಬರೆದಿರುತ್ತಾರೆ, ತಪ್ಪು. ಜೆರುಸಲೇಂ ಅಕ್ಟೋಬರ್ 2ಕ್ಕೇ ಸುಲ್ತಾನ ಸಲಾದೀನನ ಕೈಸೇರಿತ್ತು, ಆದರೆ ಆ ಸುದ್ದಿ ಇಟಲಿಗೆ ಇನ್ನೂ ಮುಟ್ಟಿರಲಿಲ್ಲ. ಪತ್ರ ಅಳುವುದು ಜುಲೈ 4ರ ಹತ್ತೀನ್ ಕದನದಲ್ಲಿ ಕ್ರುಸೇಡರಿಗಾದ ಸೋಲಿಗೆ. ಸುದ್ದಿ ಸಮುದ್ರ ದಾಟಲು ಎಷ್ಟು ತಿಂಗಳು ಹಿಡಿಯುತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಸಿಗುವುದು ಕಷ್ಟ. ಪಾಪ, ಪಶ್ಚಾತ್ತಾಪ, ದೇವರ ಕೋಪ ಇವನ್ನೆಲ್ಲ ಹೇಗೆ ಹೆಣೆಯುತ್ತಿದ್ದರು ಎಂದು ನೋಡಬೇಕಾದರೆ ಇದನ್ನು ತೆಗೆಯಿರಿ. ಆಡಳಿತದ ವಿವರಕ್ಕೆ ಇದು ಬೇಡ.

ಆಡಳಿತಕ್ಕೆ 1213ರ ಏಪ್ರಿಲ್‌ನ ಇನ್ನೊಸೆಂಟ್‌ನ ನಿರೂಪ. ತಿಂಗಳಿಗೊಮ್ಮೆ ಮೆರವಣಿಗೆ, ಗಂಡಸರು ಬೇರೆ, ಹೆಂಗಸರು ಬೇರೆ. ಚರ್ಚಿನಲ್ಲಿ ಖಾಲಿ ಪೆಟ್ಟಿಗೆ ಇಡಬೇಕು, ಅದಕ್ಕೆ ಮೂರು ಬೀಗದ ಕೈ: ಒಂದು ನಂಬಿಕಸ್ಥ ಪಾದ್ರಿಯ ಬಳಿ, ಒಂದು ಭಕ್ತ ಗೃಹಸ್ಥನ ಬಳಿ, ಇನ್ನೊಂದು ಮಠದವನ ಬಳಿ. ಮೂವರೂ ಸೇರದೆ ಪೆಟ್ಟಿಗೆ ತೆರೆಯಲಾಗದು. ಚಂದಾ ಎತ್ತುವ ವ್ಯವಸ್ಥೆಯಲ್ಲಿ ಎಲ್ಲಿ ಸೋರುತ್ತದೆ ಎಂದು ಬಲ್ಲವರು ಬರೆದದ್ದು ಎನ್ನುವುದಕ್ಕೆ ಆ ಮೂರು ಕೀಲಿ ಸಾಕು.

ಇದೇ ನಿರೂಪ ಮುಹಮ್ಮದರನ್ನು ಹುಸಿ ಪ್ರವಾದಿ ಎಂದು ಜರೆದು, ಬೈಬಲ್ಲಿನ ಮೃಗದ ಸಂಖ್ಯೆ 666ರಲ್ಲಿ 600 ವರ್ಷ ಮುಗಿಯುತ್ತ ಬಂತು ಎಂದು ಲೆಕ್ಕ ಹಾಕುತ್ತದೆ. ಅದೇ ಏಪ್ರಿಲ್‌ನಲ್ಲಿ ಅದೇ ಕಚೇರಿ ಸುಲ್ತಾನ ಅಲ್-ಆದಿಲ್‌ಗೆ ಬರೆದ ಪತ್ರದಲ್ಲಿ ದನಿ ಪೂರ್ತಿ ತಗ್ಗುತ್ತದೆ. ಜೆರುಸಲೇಂ ಹಿಂದಿರುಗಿಸಬೇಕೆಂದು ವಿನಯದಿಂದ ಕೇಳುತ್ತದೆ. ಇನ್ನೊಸೆಂಟ್‌ನ ಧೋರಣೆ ಏನು ಎಂದು ಒಂದೇ ಪತ್ರ ಹಿಡಿದು ತೀರ್ಪು ಕೊಟ್ಟರೆ ಅರ್ಧ ಸುಳ್ಳಾಗುತ್ತದೆ. ಇವೆರಡನ್ನು ಜೋಡಿಯಾಗಿ ಬಳಸಿ.

ಇನ್ನೊಂದು ಜೋಡಿಯೂ ಇದೆ. 1204ರ ಏಪ್ರಿಲ್‌ನಲ್ಲಿ ಕ್ರುಸೇಡರು ಗ್ರೀಕ್ ಕ್ರೈಸ್ತರ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿದರು. ನವೆಂಬರ್‌ನಲ್ಲಿ ಇನ್ನೊಸೆಂಟ್ ಇದು ದೇವರ ಚಮತ್ಕಾರ ಎಂದು ಹಿಗ್ಗಿದ. ಮರುವರ್ಷ ಜುಲೈನಲ್ಲಿ ತನ್ನ ಪ್ರತಿನಿಧಿ ಪೀಟರ್ ಕಾಪುವಾನೊಗೆ ಬರೆದದ್ದು ಉರಿಬೆಂಕಿ: ಗ್ರೀಕರು ಇನ್ನು ಲ್ಯಾಟಿನರನ್ನು (ಪಶ್ಚಿಮದ ಕ್ರೈಸ್ತರನ್ನು) ನಾಯಿಗಿಂತ ಕಡೆಯಾಗಿ ನೋಡುತ್ತಾರೆ, ತಪ್ಪೇನು ಎಂದು ಕೇಳಿದ. ಮಧ್ಯೆ ಆದದ್ದಿಷ್ಟು: ಮೊದಲು ಬಂದದ್ದು ಗೆದ್ದವರು ಬರೆದ ವರದಿ, ಲೂಟಿಯ ವಿವರ ತಡವಾಗಿ ಬಂತು. ಕೆಲವರು 1205ರ ಪತ್ರವನ್ನಷ್ಟೇ ತೋರಿಸಿ ಪೋಪ್ ಮೊದಲಿನಿಂದಲೂ ಖಂಡಿಸಿದ ಎನ್ನುತ್ತಾರೆ. ಹಾಗಲ್ಲ.

ದಂಡಿನಿಂದ ಬಂದ ಪತ್ರಗಳು

ಸ್ಟೀಫನ್‌ನ ಎರಡು ಪತ್ರ, ರಿಬೆಮಾಂಟ್‌ನ ಆನ್ಸೆಲ್ಮ್ ರೀಮ್ಸ್‌ನ ಆರ್ಚ್‌ಬಿಷಪ್ ಮನಾಸೆಸ್‌ಗೆ ಬರೆದ ಎರಡು ಪತ್ರ, ಮೊದಲ ಕ್ರುಸೇಡಿನ ದೈನಂದಿನ ಸಂಗತಿಗೆ ಇವೇ ಆಧಾರ. ಬಗೆ ಬೇರೆ ಬೇರೆ. ಆನ್ಸೆಲ್ಮ್ ಸತ್ತವರ ಹೆಸರು ಕೊಟ್ಟು ಅವರಿಗಾಗಿ ಪ್ರಾರ್ಥಿಸಿ ಎನ್ನುತ್ತಾನೆ. ಯಾರು ಎಲ್ಲಿ ಸತ್ತರು ಎನ್ನುವುದಕ್ಕೆ ಅವನು. ಸ್ಟೀಫನ್ ಊರ ಒಡತಿಗೆ ಬರೆಯುತ್ತಿದ್ದಾನೆ. ಬೈಜಾಂಟಿಯಂ (ಕಾನ್‌ಸ್ಟಾಂಟಿನೋಪಲ್) ಚಕ್ರವರ್ತಿ ಕೊಟ್ಟ ಉಡುಗೊರೆ, ಕೂಡಿದ ಸಂಪತ್ತು, ತನಗೆ ಬಂದ ನಾಯಕತ್ವ ಇವನ್ನು ಒತ್ತಿ ಹೇಳುತ್ತಾನೆ. ಎರಡನೇ ಪತ್ರವನ್ನು ತನ್ನ ಪಾದ್ರಿ ಅಲೆಕ್ಸಾಂಡರ್ 1098ರ ಈಸ್ಟರ್ ಮರುದಿನ, ಅಂದರೆ ಮಾರ್ಚ್ 29ಕ್ಕೆ, ಗಡಿಬಿಡಿಯಲ್ಲಿ ಬರೆದನೆಂದು ಅದರಲ್ಲೇ ಇದೆ. ಆಂಟಿಯೋಕ್ ಜೂನ್ 3ಕ್ಕೆ ಬಿತ್ತು. ಸ್ಟೀಫನ್ ಅದರ ಹಿಂದಿನ ದಿನವಷ್ಟೇ ಪಾಳೆಯ ಬಿಟ್ಟು ಊರ ದಾರಿ ಹಿಡಿದಿದ್ದ. ಇದು ಗೊತ್ತಿದ್ದು ಮಾರ್ಚಿನ ಪತ್ರ ಓದಿದರೆ ಅದರ ಬಡಾಯಿ ಬೇರೆಯೇ ಕೇಳಿಸುತ್ತದೆ.

ಹಲವರ ಹೆಸರಲ್ಲಿ ಹೊರಟ ಪತ್ರವನ್ನು ಹೆಚ್ಚು ಎಚ್ಚರದಿಂದ ಹಿಡಿಯಬೇಕು. 1098ರ ಸೆಪ್ಟೆಂಬರ್ 11ರಂದು ಆಂಟಿಯೋಕ್‌ನಿಂದ ಎಲ್ಲ ನಾಯಕರೂ ಸೇರಿ ಅರ್ಬನ್‌ಗೆ ಬರೆದದ್ದನ್ನು ನೋಡಿ. ನಾವು, ನಾವು ಎಂದು ಸಾಗುತ್ತಿದ್ದ ಒಕ್ಕಣೆ ನಗರ ಹಿಡಿದ ಗಳಿಗೆಗೆ ಬಂದಾಗ ಬೊಹೆಮಂಡ್‌ನಾದ ನಾನು ಒಬ್ಬ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಏಣಿ ಇಡಿಸಿದೆ ಎಂದು ತಿರುಗುತ್ತದೆ. ಆಂಟಿಯೋಕ್ ಯಾರಿಗೆ ಸೇರಬೇಕು ಎನ್ನುವ ಜಗಳ ಆಗ ನಡೆಯುತ್ತಿತ್ತು. ಪೋಪ್ ಮುಂದೆ ಓದುವ ಪತ್ರದಲ್ಲಿ ಬೊಹೆಮಂಡ್ ತನ್ನ ಹಕ್ಕನ್ನು ಹೀಗೆ ನೆಟ್ಟ. ಸರ್ವನಾಮ ಎಲ್ಲಿ ಬದಲಾಗುತ್ತದೋ ಅಲ್ಲಿ ಗೆರೆ ಎಳೆಯಿರಿ.

1099ರ ಸೆಪ್ಟೆಂಬರ್‌ನಲ್ಲಿ ನಾಯಕರು ಲವೊಡಿಸಿಯಾದಿಂದ ಪೋಪ್‌ಗೆ ಬರೆದ ಪತ್ರ ಇನ್ನೊಂದು ಬಗೆಯ ಬಲೆ. ಸೊಲೊಮನ್‌ನ ದೇವಾಲಯದಲ್ಲಿ ಕುದುರೆಗಳ ಮೊಣಕಾಲವರೆಗೆ ರಕ್ತ ಎಂಬ ಮಾತು ಬರುವುದು ಇಲ್ಲಿ. ಅದರ ಹಿಂದೆ ಬೈಬಲ್ಲಿನ ಪ್ರಕಟನೆ 14:20ರ ನೆರಳಿದೆ. ಕೊಲೆ ನಡೆದದ್ದು ನಿಜ. ರಕ್ತದ ಆಳ ಧರ್ಮಗ್ರಂಥದಿಂದ ಬಂದದ್ದು. ಅಸ್ಕಲಾನ್ ಕದನಕ್ಕೆ ಇದೇ ಪತ್ರ ತನ್ನ ಕಡೆ 5,000 ಕುದುರೆ ಸವಾರರು, 15,000 ಕಾಲಾಳು, ಶತ್ರುವಿನ ಕಡೆ 1,00,000 ಸವಾರರು, 4,00,000 ಕಾಲಾಳು ಎಂದು ಕೊಡುತ್ತದೆ. ತನ್ನ ಕಡೆಯ ಲೆಕ್ಕವನ್ನು ಚರ್ಚೆಗೆ ಇಟ್ಟುಕೊಳ್ಳಿ, ಎದುರು ಕಡೆಯದನ್ನು ಬಿಟ್ಟುಬಿಡಿ. ಈ ನಿಯಮ ಸುಮಾರಾಗಿ ಎಲ್ಲ ಯುದ್ಧಪತ್ರಕ್ಕೂ ಒಪ್ಪುತ್ತದೆ. ಹತ್ತೀನ್ ಆದ ಮೇಲೆ ಟೆಂಪ್ಲರ್ ಎಂಬ ಯೋಧ-ಸನ್ಯಾಸಿಗಳ ಸಂಘದ ಟೆರಿಕಸ್ ಬರೆದಾಗ ಅಂದು ತಲೆ ಕಡಿಸಿಕೊಂಡ ಸೋದರರು 230, ಮೇ 1ರಂದು ಸತ್ತವರು 60 ಎನ್ನುತ್ತಾನೆ. ತನ್ನ ಸಂಘದ ಹಾಜರಿ ಪಟ್ಟಿ ಬಲ್ಲವನ ಸಂಖ್ಯೆ, ಅದಕ್ಕೆ ಬೆಲೆ ಇದೆ.

ಇಂಗ್ಲೆಂಡಿನ ರಾಜ ರಿಚರ್ಡ್ 1191ರ ಅಕ್ಟೋಬರ್ 1ರಂದು ಕ್ಲೆರ್ವೋ ಮಠದ ಅಬಟ್‌ಗೆ ಬರೆದದ್ದರಲ್ಲಿ ಅಕ್ಕಾದ ಸೆರೆಯಾಳುಗಳು ಸುಮಾರು 2,600 ಮಂದಿಯನ್ನು ಕೊಲ್ಲಿಸಿದ್ದನ್ನು, ಗಡುವು ಮೀರಿತು ಎಂಬ ಕಾರಣ ಕೊಟ್ಟು, ತಾನೇ ಹೇಳುತ್ತಾನೆ. ಸಲಾದೀನನ ಬಳಿಯಿದ್ದ ಬಹಾವುದ್ದೀನ್ ಸುಮಾರು 3,000 ಎನ್ನುತ್ತಾನೆ. ಕೊಂದವನ ಕಡೆಯದೂ ಸತ್ತವರ ಕಡೆಯದೂ ಇಷ್ಟು ಹತ್ತಿರ ಬರುವುದು ವಿರಳ. ಇಂಥದ್ದು ಸಿಕ್ಕರೆ ಎರಡನ್ನೂ ಕೊಡಿ.

ಒಂದೇ ಒಪ್ಪಂದ, ಎರಡು ಪತ್ರ

ಹೋಲಿಕೆ ಕಲಿಯಲು ಒಂದೇ ಜೋಡಿ ಸಾಕು ಅಂದರೆ 1229ರದನ್ನು ಹಿಡಿಯಿರಿ. ಚಕ್ರವರ್ತಿ ಎರಡನೇ ಫ್ರೆಡರಿಕ್, ಪೋಪರಿಂದ ಬಹಿಷ್ಕಾರಕ್ಕೊಳಗಾದವನು, ಫೆಬ್ರವರಿ 18ರಂದು ಸುಲ್ತಾನ ಅಲ್-ಕಾಮಿಲ್ ಜೊತೆ ಒಪ್ಪಂದ ಮಾಡಿಕೊಂಡು ಕದನವಿಲ್ಲದೆ ಜೆರುಸಲೇಂ ಪಡೆದ. ಮಾರ್ಚ್‌ನಲ್ಲಿ ಇಂಗ್ಲೆಂಡಿನ ಮೂರನೇ ಹೆನ್ರಿಗೆ ಬರೆದ. ಅದೇ ವಸಂತದಲ್ಲಿ ಜೆರುಸಲೇಂನ ಪೇಟ್ರಿಯಾರ್ಕ್ (ಪ್ರಧಾನ ಬಿಷಪ್) ಜೆರಾಲ್ಡ್ ಎಲ್ಲ ಕ್ರೈಸ್ತರಿಗೂ ದೂರು ಬರೆದ.

ವಿವಾದದ ಅಂಶ ಒಂದೇ: ದೇವಾಲಯದ ಪ್ರಾಂಗಣ ಮುಸ್ಲಿಮರ ಕೈಯಲ್ಲೇ ಉಳಿಯಿತು. ಫ್ರೆಡರಿಕ್ ಇದನ್ನು ಮುಚ್ಚಿಡುವುದಿಲ್ಲ, ತಿರುಗಿಸುತ್ತಾನೆ. ಅವರು ಆ ಜಾಗವನ್ನು ಗೌರವಿಸುವುದರಿಂದ ಯಾತ್ರಿಕರಂತೆ ಬಂದು ಪ್ರಾರ್ಥಿಸಬಹುದು, ಆಯುಧವಿಲ್ಲದೆ, ನಾವು ಬಿಟ್ಟಷ್ಟೇ ಜನ, ಊರೊಳಗೆ ತಂಗುವಂತಿಲ್ಲ. ಓದಿದರೆ ಅನುಮತಿ ಕೊಟ್ಟವನು ಚಕ್ರವರ್ತಿ ಅನಿಸುತ್ತದೆ. ಜೆರಾಲ್ಡ್‌ನ ಪತ್ರದಲ್ಲಿ ದೇವಾಲಯವನ್ನು ಅವರಿಗೇ ಬಿಟ್ಟುಕೊಟ್ಟ ಎಂದಾಗುತ್ತದೆ. ಒಪ್ಪಂದದ ಪೂರ್ಣ ಪಾಠ ಉಳಿದಿಲ್ಲ. ಆದ್ದರಿಂದ ಎರಡೂ ಕಡೆ ಒಪ್ಪುವ ಸಂಗತಿಯನ್ನು ಮೊದಲು ಬೇರ್ಪಡಿಸಿ, ಆಮೇಲೆ ಅರಬ್ ಇತಿಹಾಸಕಾರ ಇಬ್ನ್ ವಾಸಿಲ್‌ನ ಬರಹದೊಡನೆ ತಾಳೆ ನೋಡಿ. ಅಲ್ಲಿ ಅಲ್-ಕಾಮಿಲ್ ತನ್ನವರಿಂದ ಎಷ್ಟು ಬೈಗುಳ ತಿಂದ ಎನ್ನುವುದೂ ಸಿಗುತ್ತದೆ.

ಸುಲ್ತಾನರ ದಫ್ತರ, ಮಂಗೋಲರ ಹಾಳೆ

ಈಜಿಪ್ಟಿನ ಸುಲ್ತಾನ ಬೈಬರ್ಸ್ 1268ರ ಮೇ 18ರಂದು ಆಂಟಿಯೋಕ್ ಹಿಡಿದಾಗ ಅದರ ಒಡೆಯ ಆರನೇ ಬೊಹೆಮಂಡ್ ತ್ರಿಪೋಲಿಯಲ್ಲಿದ್ದ. ಸುಲ್ತಾನನ ಕಾರ್ಯದರ್ಶಿ ಇಬ್ನ್ ಅಬ್ದ್ ಅಲ್-ಜಾಹಿರ್ ಬರೆದ ಪತ್ರ ಅವನನ್ನು ಪ್ರಿನ್ಸ್ ಎನ್ನದೆ ಕೌಂಟ್ ಎಂದು ಕರೆಯುತ್ತದೆ. ಆಂಟಿಯೋಕ್ ಹೋಯಿತು, ಬಿರುದೂ ಹೋಯಿತು. ಸುದ್ದಿ ತಿಳಿಸಲು ನಿನ್ನವರು ಯಾರೂ ಉಳಿಯಲಿಲ್ಲ, ಅದಕ್ಕೇ ನಾವು ತಿಳಿಸುತ್ತಿದ್ದೇವೆ ಎನ್ನುವ ಚುಚ್ಚು ಬೇರೆ. ಪ್ರಾಸಬದ್ಧ ಅರಬ್ ಗದ್ಯ ಅದು. ಮುತ್ತಿಗೆಯ ತಾಂತ್ರಿಕ ವಿವರಕ್ಕೆ ಕೆಲಸಕ್ಕೆ ಬಾರದು. ವಿಜಯವನ್ನು ಹೇಗೆ ಪ್ರದರ್ಶಿಸುತ್ತಿದ್ದರು ಎನ್ನುವುದಕ್ಕೆ ಅದನ್ನು ಮೀರಿಸುವ ಪತ್ರ ಇನ್ನೊಂದಿಲ್ಲ.

ಅನುವಾದ ಹೇಗೆ ನಡೆಯುತ್ತಿತ್ತು ಎಂದು ತಿಳಿಯಬೇಕಾದವರಿಗೆ ಮಂಗೋಲರ ಒಡೆಯ ಗುಯುಕ್ ಖಾನ್ 1246ರಲ್ಲಿ ನಾಲ್ಕನೇ ಇನ್ನೊಸೆಂಟ್‌ಗೆ ಕೊಟ್ಟ ಉತ್ತರ. ಪೋಪರ ದೂತ ಕಾರ್ಪಿನಿಯ ಜಾನ್ ಪ್ರಕ್ರಿಯೆಯನ್ನೇ ಬರೆದಿಟ್ಟಿದ್ದಾನೆ. ಕಾದಕ್, ಚಿಂಗಾಯ್, ಬಾಲಾ ಎಂಬ ಕಾರ್ಯದರ್ಶಿಗಳು ಪದಪದವಾಗಿ ಅರ್ಥ ಹೇಳಿದರು, ಪೋಪರ ದೂತರು ಲ್ಯಾಟಿನ್‌ಗೆ ಇಳಿಸಿದರು, ತಪ್ಪಿದೆಯೇ ಎಂದು ನೋಡಲು ಅವರು ಅದನ್ನು ತುಂಡುತುಂಡಾಗಿ ಮತ್ತೆ ಹೇಳಿಸಿದರು. ಆಮೇಲೆ ಆ ಕಡೆ ಓದಬಲ್ಲವರು ಸಿಕ್ಕಾರು ಎಂದು ಇನ್ನೊಂದು ಪ್ರತಿ ಅರಬ್ ಲಿಪಿಯಲ್ಲಿ. ಆ ಪರ್ಷಿಯನ್ ಪ್ರತಿ ಮಂಗೋಲ್ ಮುದ್ರೆಯೊಡನೆ 1920ರಲ್ಲಿ ವ್ಯಾಟಿಕನ್ ದಫ್ತರದಲ್ಲಿ ಸಿಕ್ಕಿತು. ಲ್ಯಾಟಿನ್ ಪಾಠವೂ ಉಳಿದಿದೆ. ಎಲ್ಲ ರಾಜರ ಮುಂದಾಳಾಗಿ ನೀನೇ ಬಂದು ಶರಣಾಗು ಎನ್ನುವ ತಿರುಳು ಎರಡರಲ್ಲೂ ಒಂದೇ. ಸ್ನೇಹದ ಮಾತು ಹುಡುಕುವವರಿಗೆ ಪರ್ಷಿಯಾದ ಮಂಗೋಲ್ ಒಡೆಯ ಅರ್ಗೂನ್ 1289ರಲ್ಲಿ ಫ್ರಾನ್ಸಿನ ನಾಲ್ಕನೇ ಫಿಲಿಪ್‌ಗೆ ಬರೆದದ್ದಿದೆ: ಸುಮಾರು 182 ಸೆಂಟಿಮೀಟರ್ ಉದ್ದದ ಹಾಳೆ, ಉಯ್ಗುರ್ ಲಿಪಿಯ ಮಂಗೋಲ್ ಭಾಷೆ, ಚೀನೀ ಅಕ್ಷರದ ಕೆಂಪು ಮುದ್ರೆ, ಪ್ಯಾರಿಸಿನ ದಫ್ತರದಲ್ಲಿ ಇಂದಿಗೂ ಇದೆ. ಗೆದ್ದರೆ ಜೆರುಸಲೇಂ ನಿಮಗೆ ಎನ್ನುತ್ತದೆ.

ಪೋಪ್, ರಾಜ, ಸುಲ್ತಾನ ಯಾರೂ ಇಲ್ಲದ ಪತ್ರ

ಸಾಮಾನ್ಯ ಜನರ ಪಾಡು ಬೇಕಾದರೆ ಕೈರೋದ ಬೆನ್ ಎಜ್ರಾ ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರದ) ಗೆನಿಜಾ, ಅಂದರೆ ಬಳಸಿ ಬಿಟ್ಟ ಬರಹ ಹಾಕಿಡುವ ಕೋಣೆಯ, ಕಾಗದಗಳು. 1100ರಲ್ಲಿ ಅಸ್ಕಲಾನ್‌ನ ಯಹೂದಿ ಹಿರಿಯರು ಅಲೆಕ್ಸಾಂಡ್ರಿಯಾಕ್ಕೆ ಬರೆದ ಪತ್ರ ಜೆರುಸಲೇಂನಿಂದ ಸೆರೆಹೋದವರನ್ನು ಬಿಡಿಸುವ ಲೆಕ್ಕಪತ್ರ. ಬಿಡಿಸಿಕೊಂಡ ಗ್ರಂಥಗಳೂ ಪಟ್ಟಿಯಲ್ಲಿವೆ: 230 ಬೈಬಲ್ ಸಂಪುಟ, ಬೇರೆ ಪುಸ್ತಕ 100, ತೋರಾ ಸುರುಳಿ 8. ದುಡ್ಡು ಮುಗಿಯಿತು, ಕಳಿಸಿ ಎನ್ನುವುದು ಪತ್ರದ ಉದ್ದೇಶ. ರಕ್ತದಲ್ಲಿ ಕುದುರೆ ಓಡಿಸಿದ ಲವೊಡಿಸಿಯಾ ಪತ್ರದ ಜೊತೆಗಿಟ್ಟು ಓದಿ. ಯಾರನ್ನೂ ಉಳಿಸಲಿಲ್ಲ ಎನ್ನುವ ಹಳೆಯ ಮಾತು ಅಲ್ಲೇ ಸಡಿಲವಾಗುತ್ತದೆ.

ಕನ್ನಡದ ಓದುಗರಿಗೆ ಇಲ್ಲಿ ಒಂದು ಪರಿಚಯದ ಊರು ಎದುರಾಗುತ್ತದೆ. ಇದೇ ಗೆನಿಜಾದಲ್ಲಿ ಮಂಗಳೂರಿನಲ್ಲಿದ್ದ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಕಾಗದಗಳೂ ಇವೆ; ಅವನ ಆಳು ಬೊಮ್ಮನ ಹೆಸರು ಏಡನ್‌ನಿಂದ ಬಂದ ಪತ್ರಗಳಲ್ಲಿ ಬರುತ್ತದೆ. 1148ರಲ್ಲಿ, ಎರಡನೇ ಕ್ರುಸೇಡ್ ದಮಾಸ್ಕಸ್ ಮುಂದೆ ಸೋಲುತ್ತಿದ್ದ ಅದೇ ಬೇಸಿಗೆಯಲ್ಲಿ, ಸಿಸಿಲಿಯ ರೋಜರ್ ಬೆನ್ ಯಿಜುವಿನ ತವರು ಮಹ್ದಿಯಾ ಹಿಡಿದ. 1149ರಲ್ಲಿ ಭಾರತ ಬಿಟ್ಟ ಬೆನ್ ಯಿಜು ಚೆದುರಿಹೋದ ಒಡಹುಟ್ಟಿದವರನ್ನು ಪತ್ರದ ಮೂಲಕ ಹುಡುಕಿದ. ಕ್ರುಸೇಡ್ ಪತ್ರ ಎಂದು ಯಾವ ಸಂಕಲನವೂ ಇದನ್ನು ಸೇರಿಸಿಕೊಳ್ಳದು. ಕಾಲದ ವಾಸನೆ ಹಿಡಿಯಲು ಇದಕ್ಕಿಂತ ಬೇರೆ ಬೇಡ.

ಖೊಟ್ಟಿ ಪತ್ರಗಳು

ಓದಲು ತೀರಾ ಸೊಗಸಾಗಿದ್ದರೆ ಮೊದಲು ಅನುಮಾನಿಸಿ. 1165ರ ಸುಮಾರಿಗೆ ಹರಡಿದ ಪ್ರೆಸ್ಟರ್ ಜಾನ್ ಪತ್ರ ಬೈಜಾಂಟಿಯಂ ಚಕ್ರವರ್ತಿ ಮ್ಯಾನುಯೆಲ್‌ಗೆ ಬರೆದಂತೆ ಇದೆ. ಮೂರು ಇಂಡಿಯಾಗಳ ಕ್ರೈಸ್ತ ಒಡೆಯನಂತೆ. ಪೂರ್ತಿ ಕಟ್ಟುಕತೆ. ಆದರೂ 1177ರಲ್ಲಿ ಮೂರನೇ ಅಲೆಕ್ಸಾಂಡರ್ ಇಂಡಿಯಾದ ರಾಜ ಜಾನ್‌ಗೆ ಪತ್ರ ಬರೆದು ವೈದ್ಯ ಫಿಲಿಪ್‌ನ ಕೈಯಲ್ಲಿ ಕಳಿಸಿದ! ಭಾರತದ ಬಗ್ಗೆ ಇದರಲ್ಲಿ ಏನೂ ಇಲ್ಲ, ಯೂರೋಪಿನ ಆಸೆಯ ಬಗ್ಗೆ ಎಲ್ಲ ಇದೆ. ಅಲೆಕ್ಸಿಯೋಸ್ ಚಕ್ರವರ್ತಿ ಫ್ಲಾಂಡರ್ಸ್‌ನ ರಾಬರ್ಟ್‌ಗೆ ಬರೆದದ್ದು ಎನ್ನುವ ಪತ್ರಕ್ಕೆ ಗ್ರೀಕ್ ಮೂಲವಿಲ್ಲ, ಇರುವ ಲ್ಯಾಟಿನ್ ಪಾಠವನ್ನು ಅವನ ಮಾತೆಂದು ಉದ್ಧರಿಸಬೇಡಿ. ಫ್ರೆಡರಿಕ್ ಬಾರ್ಬರೋಸಾ ಮತ್ತು ಸಲಾದೀನ್ ನಡುವಿನ ಸವಾಲು-ಜವಾಬು ಪತ್ರಗಳೂ ಇದೇ ಜಾತಿ.

ತಾರೀಖು ತಿರುವುವಾಗ

ಪೋಪರ ಪತ್ರದಲ್ಲಿ ನವೆಂಬರ್ ಕಲೆಂಡ್ಸ್‌ಗೆ (ತಿಂಗಳ ಮೊದಲ ದಿನಕ್ಕೆ) ನಾಲ್ಕನೆಯ ದಿನ ಎಂದಿದ್ದರೆ ನವೆಂಬರ್ 1ನ್ನೂ ಸೇರಿಸಿ ಹಿಂದಕ್ಕೆ ಎಣಿಸಿ: 1, 31, 30, 29. ಅಕ್ಟೋಬರ್ 29. ಒಂದನ್ನು ಕಳೆದು 28 ಎಂದು ಬರೆಯುವವರೇ ಹೆಚ್ಚು. ಫ್ರಾನ್ಸಿನ ಅರಸರ ಕಚೇರಿಯಲ್ಲಿ ಹೊಸ ವರ್ಷ ಈಸ್ಟರ್‌ಗೆ ಹುಟ್ಟುತ್ತಿತ್ತು; ಮನ್ಸೂರಾ ಕದನ ನಡೆದ 1250ರ ಫೆಬ್ರವರಿ ಅವರ ಲೆಕ್ಕದಲ್ಲಿ ಇನ್ನೂ 1249. ಅರ್ಗೂನ್ ದಂಡು ಹೊರಡಿಸುತ್ತೇನೆ ಎಂದದ್ದು ಹುಲಿ ವರ್ಷದ ಚಳಿಗಾಲದ ಕೊನೇ ತಿಂಗಳಲ್ಲಿ. ಹುಲಿ ವರ್ಷ ಅಂದರೆ 1290 ಎಂದು ಬರೆದರೆ ವರ್ಷವೇ ತಪ್ಪುತ್ತದೆ. ಆ ತಿಂಗಳು ಬೀಳುವುದು 1291ರ ಜನವರಿಯಲ್ಲಿ. ಮಾರ್ಚ್‌ನಲ್ಲಿ ಅರ್ಗೂನ್ ತೀರಿಕೊಂಡ, ಮೇ 18ಕ್ಕೆ ಅಕ್ಕಾ ಬಿತ್ತು.

ಹಿಜರಿ ವರ್ಷ ಸುಮಾರು 354 ದಿನದ್ದು, ಆದ್ದರಿಂದ ವರ್ಷಕ್ಕೆ ವರ್ಷ ಕೂಡಿಸಿ ಕಳೆದು ಆಗದು, ತಿಂಗಳ ಕೋಷ್ಟಕವೇ ಬೇಕು. ಸರಿಯಾಗಿ ತಿರುವಿದರೆ ಫಲ ಇದೆ. ಗುಯುಕ್‌ನ ಪರ್ಷಿಯನ್ ಪ್ರತಿ 644ರ ಎರಡನೇ ಜುಮಾದಾ ತಿಂಗಳ ಕೊನೆಯ ದಿನಗಳದ್ದು. ಕಾರ್ಪಿನಿ ಅನುವಾದ ನಡೆದದ್ದು ಸಂತ ಮಾರ್ಟಿನ್ ಹಬ್ಬದ ದಿನ, ಅಂದರೆ ನವೆಂಬರ್ 11 ಎನ್ನುತ್ತಾನೆ. ಕೋಷ್ಟಕದಲ್ಲಿ ಆ ಜುಮಾದಾ ಮುಗಿಯುವುದೂ 1246ರ ನವೆಂಬರ್ 11ರ ಸುಮಾರಿಗೇ.